ಬಿಟ್ಟು ಬಿಟ್ಟು ತುಂಬುವ ಚಾರ್ಜರ್

ಕಬ್ಬು ನುರಿಸುವ ಹಂಗಾಮು ಮುಗಿದರೆ ಕೃಷ್ಣಾ ತೀರದ ತುಬಚಿ, ಜಮಖಂಡಿ ಸೀಮೆಯ ಎಷ್ಟೋ ಟ್ರ್ಯಾಕ್ಟರುಗಳಿಗೆ ಕೆಲಸ ಕಡಿಮೆ. ಬೇಸಿಗೆಯ ಬಿಸಿಲಲ್ಲಿ ನಿಂತ ಗಾಡಿಯ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಮುಂಗಾರಿಗೆ ಕೀಲಿ ತಿರುವಿದರೆ ಸೆಲ್ಫ್ ‘ಟಕ್’ ಎಂದು ಸುಮ್ಮನಾಗುತ್ತದೆ. ಚಾರ್ಜಿಗೆ ಹಚ್ಚಿದರೂ ಹಿಡಿಯುವುದಿಲ್ಲ. ಅಂಥ ಬ್ಯಾಟರಿ ಗುಜರಿಗೆ ಹೋಗುವ ಮುನ್ನ ಮನೆಯಲ್ಲೇ ಕಟ್ಟಿದ ಪಲ್ಸ್ ಚಾರ್ಜರಿನಿಂದ ಒಮ್ಮೆ ಪ್ರಯತ್ನಿಸಿ ನೋಡಬಹುದು.

ಬ್ಯಾಟರಿಯೊಳಗೆ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ ಕೊಡುತ್ತ ಹೋದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಈ ನುಣ್ಣನೆಯ ಪದರ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಬೆಳೆದು ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ. ಇದೇ ಸಲ್ಫೇಷನ್. ಪಲ್ಸ್ ಚಾರ್ಜರ್ ವಿದ್ಯುತ್ತನ್ನು ಒಂದೇ ಸಮನೆ ಹರಿಸದೆ ತುಣುಕು ತುಣುಕಾಗಿ ಕೊಡುತ್ತದೆ. ಎರಡು ತುಣುಕುಗಳ ನಡುವಿನ ಬಿಡುವಿನಲ್ಲಿ ಫಲಕದ ಬಳಿ ಆಮ್ಲ ಹದಕ್ಕೆ ಬರಲು ಸಮಯ ಸಿಗುತ್ತದೆ.

ಈ ತಾಳವನ್ನು ಹಿಡಿಯುವುದು 555 ಎಂಬ ಎಂಟು ಕಾಲಿನ ಪುಟ್ಟ ಐ.ಸಿ. 1971ರಲ್ಲಿ ಹ್ಯಾನ್ಸ್ ಕಾಮೆನ್‌ಜಿಂಡ್ ರೂಪಿಸಿದ ಇದು ಇಂದಿಗೂ ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಇರುತ್ತದೆ. ಅದಕ್ಕೆ 1 ಕಿಲೋ ಓಮ್ ಮತ್ತು 6.8 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸೆಕೆಂಡಿಗೆ ಸುಮಾರು 1000 ಸಲ ಆನ್–ಆಫ್ ಆಗುತ್ತದೆ. ಆನ್ ಇರುವ ಹೊತ್ತು ಅರ್ಧಕ್ಕಿಂತ ತುಸು ಹೆಚ್ಚು. ಐ.ಸಿ. ತಾನೇ ದೊಡ್ಡ ವಿದ್ಯುತ್ ಹೊರಲಾರದು. ಅದರ ಸನ್ನೆಯಂತೆ ತೆರೆದು ಮುಚ್ಚುವ ಕೆಲಸ ಮಾಸ್‌ಫೆಟ್ಟಿನದು. ಐಆರ್‌ಎಫ್‌ಝಡ್ 44ರಂಥದ್ದು ಸಾಕು, ಬೆನ್ನಿಗೆ ಅಲ್ಯೂಮಿನಿಯಂ ಹೀಟ್ ಸಿಂಕ್ ಬೇಕು.

15 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್ ಮತ್ತು ಫಿಲ್ಟರ್ ಕೆಪಾಸಿಟರ್ ದಾಟಿ ಬರುವ ವಿದ್ಯುತ್ ಸುಮಾರು 20 ವೋಲ್ಟ್ ಡಿ.ಸಿ. 555 ಅಷ್ಟನ್ನು ತಾಳದು. ಅದಕ್ಕಾಗಿ 7812 ರೆಗ್ಯುಲೇಟರ್ 12ಕ್ಕೆ ಇಳಿಸಿ ಕೊಡುತ್ತದೆ. ಬ್ಯಾಟರಿಯ ದಾರಿಯಲ್ಲಿ ಒಂದು ಫ್ಯೂಸ್ ಮತ್ತು ಒಂದು ದಪ್ಪ ಡಯೋಡ್ ಇರಲೇಬೇಕು. ಕರೆಂಟ್ ಹೋದಾಗ ತುಂಬಿದ್ದೆಲ್ಲ ಸರ್ಕ್ಯೂಟಿನ ಮೂಲಕ ಹಿಂದಕ್ಕೆ ಹರಿದು ಖಾಲಿಯಾಗದಂತೆ ತಡೆಯುವುದು ಈ ಡಯೋಡ್. ಹಳ್ಳಿಯಲ್ಲಿ ಕಟ್ಟುವವರು ಇದನ್ನು ಮರೆಯಬಾರದು.

ಇಡೀ ಜೋಡಣೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಸಾಲಿನಲ್ಲಿ ಹಚ್ಚುವ 12 ವೋಲ್ಟಿನ ಹೆಡ್‌ಲೈಟ್ ಬಲ್ಬು. ಅದು ವಿದ್ಯುತ್ ಮಿತಿ ಮೀರದಂತೆ ತಡೆಯುತ್ತದೆ, ಒಳಗಿನ ಸ್ಥಿತಿಯನ್ನೂ ತೋರಿಸುತ್ತದೆ. ಹರಳುಗಟ್ಟಿದ ಬ್ಯಾಟರಿಗೆ ಹಚ್ಚಿದಾಗ ತಂತಿ ಕೆಂಪಗೆ, ಕಂಡೂ ಕಾಣದಷ್ಟು ಉರಿಯುತ್ತದೆ. ಗಂಟೆಗಳು ಕಳೆದು ಫಲಕ ಬಿಟ್ಟುಕೊಡತೊಡಗಿದರೆ ಬೆಳಕು ಹಳದಿಗೆ ತಿರುಗುತ್ತದೆ. ಬ್ಯಾಟರಿ ತುಂಬುತ್ತ ಬಂದಂತೆ ಮತ್ತೆ ಮಂಕಾಗುತ್ತದೆ. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ. ನಿಜವಾದ ವೋಲ್ಟೇಜ್ ಬೇಕಾದರೆ ಚಾರ್ಜರ್ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು. ಹೈಡ್ರೋಮೀಟರಿನಿಂದ ಆರೂ ಕೋಣೆಗಳ ಆಮ್ಲದ ಸಾಪೇಕ್ಷ ಸಾಂದ್ರತೆ ನೋಡಬೇಕು. ಒಂದು ಕೋಣೆ ಉಳಿದವಕ್ಕಿಂತ 0.050ಕ್ಕೂ ಹೆಚ್ಚು ಹಿಂದುಳಿದರೆ ಆಸೆ ಬಿಡಬೇಕು. ಫಲಕವೇ ಉದುರಿಹೋಗಿದ್ದರೆ ಯಾವ ಪಲ್ಸೂ ಅದನ್ನು ಕೂಡಿಸದು. ಸಲ್ಫೇಷನ್ ಹೊಸದಾಗಿದ್ದರೆ ಕಡಿಮೆ ಆಂಪಿಯರಿನ ನಿಧಾನ ಚಾರ್ಜಿಂಗ್ ಕೂಡ ಸಾಕಾಗಬಹುದು.

ಮುಚ್ಚಳ ಸಡಿಲಿಸಿ, ಗಾಳಿಯಾಡುವ ಜಾಗದಲ್ಲೇ ಈ ಕೆಲಸ ಮಾಡಿ. ಚಾರ್ಜಾಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಕಿಡಿಗೆ ಸಿಡಿಯುತ್ತದೆ. ಬ್ಯಾಟರಿಯ ವೋಲ್ಟೇಜ್ 14.4 ದಾಟದಂತೆ ನೋಡಿಕೊಳ್ಳಿ. ಒಂದು ರಾತ್ರಿ ಬಿಟ್ಟ ಮೇಲೆ 12.6ರ ಆಸುಪಾಸು ನಿಂತು, ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗೆ ಕುಸಿಯದಿದ್ದರೆ ಆ ಬ್ಯಾಟರಿ ಗಾಡಿಗೆ ಮರಳಬಹುದು. ಇಲ್ಲವಾದರೆ ಅದನ್ನು ಒಡೆಯದೆ ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಡಿ. ಸೀಸ ಮಣ್ಣಿಗೂ ಮಕ್ಕಳಿಗೂ ವಿಷ.