ಲೆಕ್ಕದ ಪ್ರತಿ ಇದ್ದರಷ್ಟೇ ಸಾಲದು

ತುಮಕೂರಿನ ಶಿರಾ ಗೇಟ್‌ನ ಅಂಗಡಿಗಳಿಂದ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳವರೆಗೆ ಬಿಲ್ಲು, ದಾಸ್ತಾನು, ಬಾಕಿ ವಸೂಲಿಯ ವಿವರಗಳು ಇಂದು ಗಣಕಯಂತ್ರದಲ್ಲೇ ಅಡಕವಾಗಿವೆ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಯಾರಿಂದ ಎಷ್ಟು ಬರಬೇಕೆಂಬ ಲೆಕ್ಕ ಅಳಿದುಹೋದರೆ ಅದನ್ನು ಕೊಳ್ಳಲಾಗದು.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನನ್ವಯ ಆಯಾ ವರ್ಷದ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2017ರ ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮವು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಗಣಕದ ದಾಖಲೆ ನಾಶವಾದಲ್ಲಿ ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇರಿಸಬೇಕೆನ್ನುತ್ತದೆ. ಅಂದರೆ ಪ್ರತಿ ತೆಗೆದಿಟ್ಟರಷ್ಟೇ ಸಾಲದು, ಅದು ತೆರೆಯಲೂ ಬೇಕು.

ಪ್ರತಿ ಎಲ್ಲಿರಬೇಕೆಂಬುದೂ ಮುಖ್ಯ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶವು ಕಡತಗಳನ್ನು ಓದಲಾಗದಂತೆ ಮಾಡಿ, ಬಿಡಿಸಲು ಹಣ ಕೇಳಿತು. ಇಂಥವು ಗಣಕಕ್ಕೆ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಆದಕಾರಣ ದಿನದ ವಹಿವಾಟು ಮುಗಿದೊಡನೆ ಪ್ರತಿ ತೆಗೆದು, ಡಿಸ್ಕನ್ನು ಬೇರ್ಪಡಿಸಿ, ಬೇರೆ ಕಟ್ಟಡದಲ್ಲಿ ಇರಿಸತಕ್ಕದ್ದು. ಎರಡು ಡಿಸ್ಕ್‌ಗಳನ್ನು ಸರದಿಯಂತೆ ಬಳಸಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು ಕೊನೆಯ ಬಿಲ್ಲಿನ ಸಂಖ್ಯೆ, ನಗದು ಶಿಲ್ಕು, ಪ್ರಮುಖ ಗಿರಾಕಿಗಳ ಬಾಕಿಯನ್ನು ತಾಳೆ ನೋಡಬೇಕು. ತಂತ್ರಾಂಶದ ಪರವಾನಗಿ ವಿವರ, ಪಾಸ್‌ವರ್ಡ್, ದುರಸ್ತಿಗಾರರ ದೂರವಾಣಿ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡುವುದು ಒಳಿತು. ಲೆಕ್ಕ ಬರೆಯುವ ಗುಮಾಸ್ತರು ರಜೆಯಲ್ಲಿದ್ದಾಗಲೂ ಮಾಲೀಕರಿಗೆ ಈ ಕೆಲಸ ತಿಳಿದಿರಬೇಕು. ತಾಳೆಯಾಗದಿದ್ದರೆ ತಪ್ಪನ್ನು ಅಂದೇ ಸರಿಪಡಿಸಬಹುದು. ಯಂತ್ರ ಕೆಟ್ಟ ನಂತರ ಆ ಅವಕಾಶವಿರದು.