ಕೈ ಹಿಡಿದರಷ್ಟೇ ಫಿಸಿಯೋಥೆರಪಿಯೇ?

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲನ್ನು ಥೆರಪಿಸ್ಟ್ ಹಿಡಿದು, ಎಳೆದು, ಮಡಿಸಿ ಬಿಡಿಸಿದರೆ ಮಾತ್ರ ಫಿಸಿಯೋಥೆರಪಿ ಆಯಿತು, ಮೊಬೈಲಿನಲ್ಲಿ ನೋಡಿ ಹೇಳುವುದು ಬರೀ ಬಾಯಿಮಾತಿನ ಸಮಾಧಾನ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಬರುವ ತಂದೆತಾಯಿಗೆ ಹಾಗನ್ನಿಸುವುದು ಸಹಜ. ಹುಟ್ಟಿದ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿದರೇ ಮೈ ಹದವಾಗುತ್ತದೆ ಎಂದು ಬೆಳೆದವರು ನಾವು. ಆದರೆ ಇಲ್ಲಿ ತೊಂದರೆಯ ಬೇರು ಇರುವುದು ಮೆದುಳಿನಲ್ಲಿ. ಮಗು ತಾನೇ ಕೈ ಚಾಚಿ, ತಪ್ಪಿ, ಮತ್ತೆ ಚಾಚಿದಾಗ ಮೆದುಳು ಆ ಚಲನೆಯನ್ನು ಕಲಿಯುತ್ತದೆ. ಸುಮ್ಮನೆ ಮಲಗಿದ್ದು ಬೇರೆಯವರಿಂದ ಎಳೆಸಿಕೊಂಡಾಗ ಕಲಿಯುವುದು ತೀರಾ ಕಡಿಮೆ. ಸೆರೆಬ್ರಲ್ ಪಾಲ್ಸಿಯ ಸಂಶೋಧಕಿ ಇಯೋನಾ ನೊವಾಕ್ ಮತ್ತು ಸಂಗಡಿಗರು ಲಭ್ಯ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ 2013ರಲ್ಲಿಯೂ 2020ರಲ್ಲಿಯೂ ಪ್ರಕಟಿಸಿದ ವಿಮರ್ಶೆಗಳು ಇದನ್ನೇ ಹೇಳುತ್ತವೆ: ಮಗುವಿನ ಒಂದು ನಿರ್ದಿಷ್ಟ ಗುರಿ ಹಿಡಿದು ಮಾಡಿಸುವ ಅಭ್ಯಾಸಕ್ಕೂ ಮನೆಯ ಕಾರ್ಯಕ್ರಮಕ್ಕೂ ಗಟ್ಟಿ ಪುರಾವೆ ಇದೆ, ಕೈಯಿಂದ ಎಳೆದು ಬಿಡುವುದೊಂದಕ್ಕೇ ಇಲ್ಲ.

ಹಾಗಾದರೆ ಅಭ್ಯಾಸ ನಡೆಯಬೇಕಾದದ್ದು ಎಲ್ಲಿ? ವಾರಕ್ಕೆ 168 ಗಂಟೆ. ಥೆರಪಿಸ್ಟ್ ಕೈಗೆ ಸಿಗುವುದು ಒಂದೋ ಎರಡೋ ಗಂಟೆ, ಅದೂ ಬಸ್ಸು ಸಿಕ್ಕಿದ ವಾರ. ಮಿಕ್ಕಿದ್ದೆಲ್ಲ ಮನೆಯದು. ನೊವಾಕ್ ತಂಡವೇ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೆರೆಬ್ರಲ್ ಪಾಲ್ಸಿಯ 36 ಮಕ್ಕಳಿದ್ದರು. ಅದು ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿಯದು, ಆದರೂ ತತ್ತ್ವ ಒಂದೇ. ತಂದೆತಾಯಿ ತಿಂಗಳಿಗೆ ಸರಾಸರಿ 17.5 ಬಾರಿ, ಪ್ರತಿ ಸಲ ಸುಮಾರು 16.5 ನಿಮಿಷ ಅಭ್ಯಾಸ ಮಾಡಿಸಿದರು. ಎಂಟು ವಾರದಲ್ಲಿ ಹಾಗೆ ಅಭ್ಯಾಸ ಮಾಡಿದ ಮಕ್ಕಳು, ಕಾರ್ಯಕ್ರಮವೇ ಇಲ್ಲದವರಿಗಿಂತ ಮುಂದಿದ್ದರು. ಮನೆಯ ಈ ಅಭ್ಯಾಸವನ್ನು ಕಂಡು ತಿದ್ದುವುದರಲ್ಲೇ ವಿಡಿಯೋ ಕರೆಯ ನಿಜವಾದ ಬೆಲೆ ಇದೆ. ಆಸ್ಪತ್ರೆಯ ನುಣುಪು ನೆಲದ ಮೇಲೆ ನಡೆಯುವ ಮಗು ಮನೆಯ ಹೊಸ್ತಿಲು ದಾಟಲಾರದೆ ಇರಬಹುದು. ಊಟಕ್ಕೆ ಕೂರುವ ಮಣೆ ತಗ್ಗಾಗಿ ಬೆನ್ನು ಬಾಗಿರಬಹುದು. ಜಗಲಿ, ಬಚ್ಚಲು, ಚಾಪೆ ಇವೆಲ್ಲ ಪರದೆಯಲ್ಲಿ ಕಂಡರೆ ಥೆರಪಿಸ್ಟ್ ಹೇಳುವ ಮಾತೂ ಆ ಮನೆಗೆ ಹೊಂದುತ್ತದೆ.

ಇಷ್ಟು ಕೇಳಿ, ಇನ್ನು ಆಸ್ಪತ್ರೆಗೆ ಹೋಗುವುದೇ ಬೇಡ ಎಂದುಕೊಂಡರೆ ಅದು ಮೊದಲಿನದಕ್ಕಿಂತ ಅಪಾಯದ ತಪ್ಪು ಕಲ್ಪನೆ. ಸ್ನಾಯುವಿನ ಬಿಗಿತ ಎಷ್ಟೆಂದು ತಿಳಿಯಲು ಕೈಯಲ್ಲಿ ಹಿಡಿದೇ ನೋಡಬೇಕು. ಕೀಲು ಎಷ್ಟು ಮಡಿಯುತ್ತದೆಂದು ಅಳೆಯಲು, ಕಾಲಿಗೆ ಆಸರೆ ಕೊಡುವ ಸ್ಪ್ಲಿಂಟಿಗೆ ಅಚ್ಚು ತೆಗೆಯಲು, ಬೆಳೆದ ಪಾದಕ್ಕೆ ಅದು ಒತ್ತಿ ಗಾಯವಾಗಿದೆಯೇ ಎಂದು ಪರೀಕ್ಷಿಸಲು ಎದುರಲ್ಲೇ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸೊಂಟದ ಕೀಲು. ಆಸ್ಟ್ರೇಲಿಯಾದಲ್ಲಿ ಸೆರೆಬ್ರಲ್ ಪಾಲ್ಸಿಯ 323 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 35 ಮಕ್ಕಳ ಸೊಂಟದ ಕೀಲು ಗುಳಿಯಿಂದ ಜರುಗಿತ್ತು. ಆಸರೆಯಿಲ್ಲದೆ ಚೆನ್ನಾಗಿ ನಡೆಯುವ ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ, ಚಲನೆ ಅತಿ ಸೀಮಿತವಾದವರಲ್ಲಿ ನೂರಕ್ಕೆ 90 ಮಕ್ಕಳಿಗೆ ಇತ್ತು. ಶುರುವಿನಲ್ಲಿ ನೋವಿಲ್ಲದೆ ಜರುಗುವ ಈ ಕೀಲನ್ನು ಎಕ್ಸ್‌ರೇ ಕಾಣುತ್ತದೆ, ಮೊಬೈಲ್ ಕ್ಯಾಮೆರಾ ಕಾಣುವುದಿಲ್ಲ.

ಮನೆಯ ಅಭ್ಯಾಸ ಎಂದರೆ ತಾಯಿಯ ತಲೆಗೆ ಇನ್ನೊಂದು ಹೊರೆ ಎಂಬ ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಹತ್ತು ವ್ಯಾಯಾಮಗಳ ಪಟ್ಟಿ ಬರೆದುಕೊಟ್ಟು ಮಾಡಲಿಲ್ಲವೆಂದು ಗದರಿದರೆ ಅದು ಥೆರಪಿಯಲ್ಲ. ಸ್ನಾನದ ಮುಂಚೆ ಎದ್ದು ನಿಲ್ಲುವುದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು ಹೀಗೆ ಹೇಗೂ ನಡೆಯುವ ಕೆಲಸದೊಳಗೇ ಒಂದೆರಡು ಗುರಿ ಸೇರಿಸಿದರೆ ಹೊರೆ ತಗ್ಗುತ್ತದೆ. ಸಿಗ್ನಲ್ ಇಲ್ಲದ ಊರಲ್ಲಿ ಏನು ಮಾಡುವುದು? ನೇರ ಕರೆಯೇ ಬೇಕೆಂದಿಲ್ಲ. ಮಗು ನಡೆಯುವ ಎರಡು ನಿಮಿಷದ ವಿಡಿಯೋ ತೆಗೆದಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಸ್ಮಾರ್ಟ್‌ಫೋನೇ ಇಲ್ಲದ ಮನೆಗೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಫೋನ್ ಹಿಡಿದು ಹೋದರೆ ದೂರದ ಥೆರಪಿಸ್ಟ್‌ಗೆ ಊರಲ್ಲೇ ಕಣ್ಣು ಸಿಕ್ಕಂತೆ. ಎದುರುಬದುರಿನ ಭೇಟಿ ಎಷ್ಟು, ಕರೆ ಎಷ್ಟು ಎಂಬ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಆಗದು: ಹೊಸ ಸ್ಪ್ಲಿಂಟ್ ಹಾಕಿದ, ಶಸ್ತ್ರಚಿಕಿತ್ಸೆ ಮುಗಿದ, ಇದ್ದಕ್ಕಿದ್ದಂತೆ ಎತ್ತರ ಬೆಳೆದ ತಿಂಗಳುಗಳಲ್ಲಿ ಭೇಟಿ ಹೆಚ್ಚಬೇಕು, ಕಲಿತದ್ದು ಕೈಗೂಡುತ್ತಿರುವ ತಿಂಗಳುಗಳಲ್ಲಿ ಕರೆ ಸಾಕು.