ಕೃಪೆ ಮತ್ತು ವರಪ್ರಸಾದ: ಕ್ರೈಸ್ತ ಕನ್ನಡದ ಎರಡು ಪರಿಭಾಷೆಗಳು

ಮಲೆನಾಡಿನ ಕ್ರೈಸ್ತರ ಪ್ರಸ್ತಾಪ ಬಂದೊಡನೆ ಕನ್ನಡ ಅಧ್ಯಯನಕಾರರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಪಾದ್ರಿ ಜೀವರತ್ನಯ್ಯನು ನೆನಪಾಗುವುದು ಸಹಜ. ಅಲ್ಲಿ ಮತಾಂತರವು ಮುಖ್ಯವಾಗಿ ಸಾಮಾಜಿಕ ಪ್ರಶ್ನೆಯಾಗಿ ನಿರೂಪಿತವಾಗಿದೆ. ಆದರೆ ಈ ಧರ್ಮವು ತನ್ನ ಮೂಲ ಶ್ರದ್ಧೆಯನ್ನು ಕನ್ನಡದಲ್ಲಿ ಹೇಗೆ ನುಡಿಯಿತು ಎಂಬ ಪ್ರಶ್ನೆಯೂ ಅಷ್ಟೇ ಮಹತ್ವದ್ದು.

ಯೇಸುವಿನ ಶಿಲುಬೆಯ ಮರಣ ಮತ್ತು ಪುನರುತ್ಥಾನಗಳ ಮೂಲಕ ದೇವರು ಮನುಷ್ಯನಿಗೆ ರಕ್ಷಣೆಯನ್ನು ನೀಡುತ್ತಾನೆ. ಅದು ಅರ್ಹತೆಯಿಂದ ಗಳಿಸಿದ್ದಲ್ಲ ಎಂಬುದು ಆ ಶ್ರದ್ಧೆಯ ತಿರುಳು. ಇದನ್ನು ಸೂಚಿಸುವ ಗ್ರೀಕ್ ಪದ ‘ಖಾರಿಸ್’. ಶಿವಮೊಗ್ಗದಲ್ಲಿ ಇದಕ್ಕೆ ಎರಡು ಕನ್ನಡ ಪದಗಳು ಬಳಕೆಯಲ್ಲಿವೆ. ವೆಸ್ಲಿಯನ್ ಮಿಷನ್ನಿನಿಂದ ಬೆಳೆದು, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದ ಪ್ರಾಟೆಸ್ಟೆಂಟ್ ಪರಂಪರೆಯು ಕನ್ನಡ ಬೈಬಲಿನ ‘ಕೃಪೆ’ಯನ್ನು ಬಳಸುತ್ತದೆ. 1988ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವನ್ನು ಪಡೆದ ಕಥೋಲಿಕರ ಪ್ರಾರ್ಥನೆಗಳಲ್ಲಿ ‘ವರಪ್ರಸಾದ’ವಿದೆ.

ಇವು ಕೇವಲ ಪರ್ಯಾಯಪದಗಳಲ್ಲ. ಕೃಪೆ ನೀಡುವವನ ಅಂತಃಕರಣದಲ್ಲಿರುತ್ತದೆ. ಪ್ರಸಾದವು ಪಡೆಯುವವನ ಕೈ ಸೇರುತ್ತದೆ. ದೇವರ ಅನುಗ್ರಹವು ಪಾಪಿಯನ್ನು ನೀತಿವಂತನೆಂದು ಘೋಷಿಸುತ್ತದೆ ಎಂಬ ಪ್ರಾಟೆಸ್ಟೆಂಟ್ ಒತ್ತು, ಅದು ಮನುಷ್ಯನೊಳಗೆ ನೆಲೆಸಿ ಅವನನ್ನು ಮಾರ್ಪಡಿಸುತ್ತದೆ ಎಂಬ ಕಥೋಲಿಕ ಒತ್ತು, ಎರಡೂ ಈ ಪದಗಳಲ್ಲಿ ಧ್ವನಿಸುತ್ತವೆ. ಅದು ಮನುಷ್ಯನ ಅರ್ಹತೆಯ ಫಲವಲ್ಲ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. 1999ರಲ್ಲಿ ಕಥೋಲಿಕರು ಮತ್ತು ಲೂಥರನ್ನರು ಒಪ್ಪಿ ಸಹಿ ಹಾಕಿದ ಜಂಟಿ ಘೋಷಣೆಗೆ 2006ರಲ್ಲಿ ವೆಸ್ಲಿಯ ಪರಂಪರೆಯ ಮೆಥಡಿಸ್ಟರೂ ಸಮ್ಮತಿ ನೀಡಿದರು.

ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಇರುವ ಈ ಜಿಲ್ಲೆಯಲ್ಲಿ ‘ಪ್ರಸಾದ’ಕ್ಕೆ ಇನ್ನೂ ಹಳೆಯ ಅರ್ಥಸಂಸ್ಕಾರವಿದೆ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವು ಅರ್ಪಣೆಯ ತರುವಾಯ ಒದಗುವಂಥದ್ದು: ಭಕ್ತ ಅರ್ಪಿಸಿದ ಪದಾರ್ಥವೇ ಪ್ರಸಾದವಾಗಿ ಮರಳುತ್ತದೆ. ಕ್ರೈಸ್ತ ಚಿಂತನೆಯಲ್ಲಿ ಈ ಅನುಕ್ರಮ ತಿರುವುಮುರುವು. ಶಿಲುಬೆಯಲ್ಲಿ ಅರ್ಪಿಸಿಕೊಂಡವನು ದೇವಪುತ್ರನೇ. ಮನುಷ್ಯನ ಅರ್ಪಣೆಯು ಅದಕ್ಕೆ ಪ್ರತಿಸ್ಪಂದನೆ ಮಾತ್ರ.

ಉಳಿದೆರಡು ಪದಗಳೂ ಇಂತಹ ಎಚ್ಚರವನ್ನು ಬೇಡುತ್ತವೆ. ಕನ್ನಡದಲ್ಲಿ ‘ಶೂಲ’ವಿದ್ದರೂ ಅದು ದಂಡನೆಯನ್ನಷ್ಟೇ ಹೇಳುತ್ತದೆ, ಸಿರಿಯಾಕ್ ಮೂಲದ ‘ಶಿಲುಬೆ’ ದಂಡನೆಯನ್ನೂ ಬಿಡುಗಡೆಯನ್ನೂ ಒಟ್ಟಿಗೆ ಹೊತ್ತಿದೆ. ‘ಪುನರುತ್ಥಾನ’ವು ಪುನರ್ಜನ್ಮವಲ್ಲ. ಕರ್ಮಫಲಕ್ಕಾಗಿ ಮತ್ತೊಂದು ದೇಹ ತಳೆಯುವುದಲ್ಲ. ಸತ್ತವನೇ ಮರಣವನ್ನು ಗೆದ್ದು ಏಳುವುದು. ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ ಕೊನೆಯಲ್ಲಿ ಪೌಲನು ಮರಣವನ್ನು ನಮ್ಮ ಅಪರಾಧಗಳಿಗೂ ಪುನರುತ್ಥಾನವನ್ನು ನಮ್ಮ ನಿರ್ದೋಷತ್ವಕ್ಕೂ ಸಂಬಂಧಿಸುತ್ತಾನೆ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದರಿಂದ ಕೃಪೆಯನ್ನು ವಿವರಿಸಲಾಗದು.

ಕ್ರೈಸ್ತ ಕನ್ನಡವನ್ನು ಅನುವಾದದ ಕೃತಕ ಭಾಷೆಯೆಂದು ಬದಿಗಿಡುವುದು, ಭಕ್ತಿಪರಂಪರೆಯ ಮರುನುಡಿಯೆಂದು ಅದರೊಳಗೆ ಕರಗಿಸುವುದು, ಇವೆರಡೂ ಅಸಮರ್ಪಕ. ಪರಿಚಿತ ಪದದಲ್ಲಿ ಅಪರಿಚಿತ ಅನುಭವವನ್ನು ನುಡಿಯುವ ಯತ್ನವಾಗಿ ಅದನ್ನು ಓದಿದಾಗ, ಪ್ರಸಾದವೆಂಬ ನಮ್ಮದೇ ಪದದ ವ್ಯಾಪ್ತಿಯೂ ಹೆಚ್ಚು ಸ್ಪಷ್ಟವಾಗುತ್ತದೆ.